ಹಿಡಿಯುವ ಕೆಂಪು, ಹಿಡಿಯದ ಕೆಂಪು

ಭಾನುವಾರ, ಫೆಬ್ರವರಿ 9

ಪ್ರೀತಿಯ ಅತ್ತೆಗೆ, ನಿಮ್ಮ ಸೊಸೆಯ ನಮಸ್ಕಾರಗಳು.

ಕಾಗದ ತಡವಾಯಿತು. ಕಾರಣ ಎರಡು: ಒಂದು ಕ್ಯಾರೆಟ್, ಇನ್ನೊಂದು ಸೋಮಾರಿತನ. ಎರಡನೆಯದರ ಪರಿಚಯ ನಿಮಗೆ ಚೆನ್ನಾಗಿಯೇ ಇದೆ, ಆದ್ದರಿಂದ ಮೊದಲನೆಯದರ ಬಗ್ಗೆ ಬರೆಯುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಏನು ಹೇಳಿದರೂ ನೀವು "ಒಳ್ಳೇದಾಯ್ತು ಬಿಡು" ಅನ್ನುತ್ತೀರಿ. ಹೋದ ಸಲ ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದಾಗಲೂ ಹಾಗೇ ಅಂದಿರಿ. ನಿಮ್ಮ ಕಿವಿ ನಿವೃತ್ತಿ ತೆಗೆದುಕೊಂಡಿದೆ, ಕಣ್ಣು ಮಾತ್ರ ಪೊರೆ ತೆಗೆಸಿಕೊಂಡು ಹೊಸದಾಗಿ ಕೆಲಸಕ್ಕೆ ಸೇರಿದೆ. ಹಾಗಾಗಿ ಕಣ್ಣಿಗೇ ಬರೆಯುವುದು ಜಾಣತನ. ಒಂದು ವೇಳೆ ಇದನ್ನು ನಾದಿನಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರೆ ಅವಳಿಗೂ ನಮಸ್ಕಾರ. ಕಾಗದವನ್ನು ಅಮ್ಮನ ಕೈಗೆ ಕೊಟ್ಟು ತನ್ನ ಕೆಲಸ ನೋಡಿಕೊಳ್ಳಬಹುದು.

ಮನೆ ಹೇಗಿದೆ ಎಂದು ಕೇಳಿಸಿದ್ದಿರಂತೆ. ನಿಂತಿದೆ. ಸೋರುವ ನಲ್ಲಿಗೆ ಒಂದು ಬಟ್ಟೆ ಕಟ್ಟಿದ್ದೇನೆ, ಈಗ ಬಟ್ಟೆ ಸೋರುತ್ತಿದೆ. ನಡುಮನೆಯ ಗಡಿಯಾರ ನಿಂತಿದೆ. ಗಡಿಯಾರ ರಿಪೇರಿಯವರ ಮನೆಯಲ್ಲೇ ಗಡಿಯಾರ ನಿಂತಿದೆಯಲ್ಲ ಎಂದು ಪಕ್ಕದ ಮನೆಯವರು ಮರುಗಿದರು. ನಿಮ್ಮ ಮಗ ಇದ್ದಾಗಲೂ ಅದು ನಿಂತೇ ಇತ್ತು ಎಂದು ನಾನು ಹೇಳಲಿಲ್ಲ. ಕಿಟಕಿಯ ಬಳಿಯ ನಿಮ್ಮ ಕುರ್ಚಿಯಲ್ಲಿ ಇಸ್ತ್ರಿಯಾಗದ ಬಟ್ಟೆಗಳು ಕೂತಿವೆ. ರಸ್ತೆಯಲ್ಲಿ ಹೋಗಿಬರುವವರ ಬಟ್ಟೆಯ ಹೊಲಿಗೆ ಎಲ್ಲಿ ಕೆಟ್ಟಿದೆ ಎಂದು ಅವು ಹೇಳುವುದಿಲ್ಲ, ಅದೊಂದು ಕೊರತೆ.

ನನ್ನ ಬಿಳಿ ಕೋಟಿನ ಮೇಲಿನ ಗುಂಡಿ ಕಿತ್ತುಬಂತು. ಸ್ಟೇಪ್ಲರ್ ಹೊಡೆದು ನಿಲ್ಲಿಸಿದ್ದೇನೆ. ಮುಖ ಸಿಂಡರಿಸಬೇಡಿ. ದಾರ-ಗುಂಡಿ ಅಂಗಡಿಯನ್ನು ಅಷ್ಟು ವರ್ಷ ನಡೆಸಿದವರ ಸೊಸೆ ಹೀಗೆ ಮಾಡಬಾರದು, ಒಪ್ಪುತ್ತೇನೆ. ಆದರೆ ನಿಮ್ಮ ಮಗ ತೀರಿಕೊಂಡ ವಾರ ನಾದಿನಿ ನಿಮ್ಮನ್ನು ಕರೆದುಕೊಂಡು ಹೋಗಲು ಬಂದಾಗ ನೀವೇ ಹೇಳಿದ್ದಿರಿ: "ಇವಳನ್ನ ಬಿಟ್ಟು ಎಲ್ಲಿಗೆ ಬರ್ಲಿ? ಇವಳಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ." ಎಲ್ಲರೂ ಅಳುತ್ತಿದ್ದ ಮನೆಯಲ್ಲಿ ನನಗೊಬ್ಬಳಿಗೆ ನಗು ಬಂದಿತ್ತು. ಬಂದ ನೆಂಟರು ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡರು. ಕೆಟ್ಟಿದ್ದದ್ದು ಹತ್ತಿರದ ದೃಷ್ಟಿ. ಅದು ಈಗಲೂ ಹಾಗೇ ಇದೆ. ಕನ್ನಡಕ ಮಾಡಿಸಿದರೆ ವಯಸ್ಸಾಯಿತೆಂದು ಒಪ್ಪಿದ ಹಾಗೆ.

ಸರಿ, ಕ್ಯಾರೆಟ್ಟಿಗೆ ಬರುತ್ತೇನೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನನ್ನ ಕೆಲಸ ಏನೆಂದು ನಿಮಗೆ ನೆಟ್ಟಗೆ ಹೇಳಿಲ್ಲ. ಕೇಳಿದಾಗಲೆಲ್ಲ "ಕ್ಯಾರೆಟ್ ತುರೀತೀನಿ" ಅಂದಿದ್ದೇನೆ. ನಮ್ಮ ಪ್ರಯೋಗಾಲಯ ಒಂದು ದೊಡ್ಡ ಅಡುಗೆಮನೆಯೆಂದು ನೀವು ನಂಬಿಕೊಂಡಿದ್ದೀರಿ. ಅದು ಪೂರ್ತಿ ಸುಳ್ಳೂ ಅಲ್ಲ.

ಗಿಡಗಳ ಮೈಯಲ್ಲಿ ಒಂದು ಜಾತಿಯ ಪ್ರೋಟೀನ್ ಇದೆ. ಅದರ ತಿರುಳಿಗಿಂತ ಹೊದಿಕೆ ದೊಡ್ಡದು: ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಸಕ್ಕರೆ, ಒಂದು ಪಾಲು ಪ್ರೋಟೀನ್. ಚಳಿಗೆ ಶಾಲು, ಶಾಲಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಇನ್ನೊಂದು ಕಂಬಳಿ ಹೊದ್ದು ಕೂರುವ ನಿಮ್ಮ ಹಾಗೆ. ಪ್ರೋಟೀನ್ ಇದೆಯೋ ಇಲ್ಲವೋ ನೋಡಲು ಸಾಮಾನ್ಯವಾಗಿ ಒಂದು ದ್ರಾವಣ ಹಾಕುತ್ತೇವೆ, ಇದ್ದರೆ ನೀಲಿಯಾಗುತ್ತದೆ. ಇದಕ್ಕೆ ಹಾಕಿದರೆ ನೀಲಿ ಬರುವುದೇ ಇಲ್ಲ ಅನ್ನಬೇಕು. ನೀಲಿ ಬಂದು ಬಾಗಿಲು ತಟ್ಟುತ್ತದೆ, ಒಳಗಿರುವವರು ಕಂಬಳಿಯೊಳಗಿಂದ ಓಗೊಡುವುದಿಲ್ಲ, ಮನೆಯಲ್ಲಿ ಯಾರೂ ಇಲ್ಲವೆಂದು ನೀಲಿ ಹೊರಟುಹೋಗುತ್ತದೆ.

ಅದಕ್ಕೇ ಬೇರೆ ಬಣ್ಣ ಬೇಕು. ನಮ್ಮಲ್ಲಿ ಒಂದು ಕೆಂಪು ಇದೆ. ನೀವು ನೋಡಿದರೆ "ಇದು ಕೆಂಪಲ್ಲ, ಇಟ್ಟಿಗೆ" ಅನ್ನುತ್ತೀರಿ. ನನ್ನ ತೋಳಿನ ಮೇಲೆ ಕಲೆ ನೋಡಿ ಹಾಗೇ ಅಂದಿದ್ದಿರಿ. ಅದಕ್ಕೂ ಮೈತುಂಬ ಸಕ್ಕರೆಯ ತುಣುಕುಗಳು ಅಂಟಿಕೊಂಡಿವೆ. ಕ್ಯಾರೆಟ್ ತುರಿದು, ಉಪ್ಪುನೀರಿನಲ್ಲಿ ನೆನೆಸಿ, ಹಿಂಡಿ, ಬಟ್ಟೆಯಲ್ಲಿ ಸೋಸಿ, ಆ ತಿಳಿಗೆ ಈ ಕೆಂಪನ್ನು ಬೆರೆಸಿಟ್ಟರೆ, ಕೆಂಪು ಹೋಗಿ ಸಕ್ಕರೆ ಹೊದ್ದವರನ್ನೇ ಹುಡುಕಿ ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಉಳಿದವರನ್ನು ಮುಟ್ಟುವುದೂ ಇಲ್ಲ. ಆ ತಳದ ಕೆಂಪು ಗಸಿಯನ್ನು ತೊಳೆದು, ಬಣ್ಣ ಕಳೆಯುವ ಉಪ್ಪು ಹಾಕಿ ಬೆಚ್ಚಗಿಟ್ಟರೆ ಕೆಂಪು ಮಾಯ. ಬಟ್ಟೆಗೆ ಬಣ್ಣ ಹಾಕುವವರು ಬಳಸುವ ಉಪ್ಪೇ ಅದು, ಬೆಂಕಿಕಡ್ಡಿ ಗೀರಿದ ವಾಸನೆ. ಆಮೇಲೆ ಸಣ್ಣ ಕಣ್ಣಿನ ತೆಳು ಚೀಲದಲ್ಲಿ ಕಟ್ಟಿ ನೀರಿನಲ್ಲಿ ತೇಲಿಬಿಟ್ಟರೆ ಉಪ್ಪು, ಬಣ್ಣದ ಚೂರು ಎಲ್ಲ ಹೊರಗೆ ಹೋಗುತ್ತವೆ, ನಮಗೆ ಬೇಕಾದ್ದು ಒಳಗೇ ಉಳಿಯುತ್ತದೆ. ಒಣಗಿಸಿದರೆ ಹತ್ತಿಯ ಎಳೆಯಂಥ ಬಿಳಿ. ಒಂದು ಬುಟ್ಟಿ ಕ್ಯಾರೆಟ್ಟಿಗೆ ಒಂದು ಚಿಟಿಕೆ.

ತುರಿದದ್ದಾಯ್ತು, ಹಿಂಡಿದ್ದಾಯ್ತು,
ಬೆನ್ನೇ ಬಳಲಿ ಬೆಂಡಾಯ್ತು.

ಪ್ರಾಸ ಕಟ್ಟೋ ಬದಲು ಪಾತ್ರೆ ತೊಳಿ ಅನ್ನುತ್ತೀರಿ, ಗೊತ್ತು.

ಮೋಸ ಹೋಗಬಾರದೆಂದು ನಾವು ಎರಡು ಕೆಂಪು ಇಟ್ಟುಕೊಳ್ಳುತ್ತೇವೆ. ನೋಡಲು ಅವಳಿ-ಜವಳಿ. ಒಂದಕ್ಕೆ ಅಂಟಿಸಿರುವ ಸಕ್ಕರೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ, ಅಷ್ಟೇ. ಆ ಎರಡನೆಯದು ಯಾರನ್ನೂ ಹಿಡಿಯುವುದಿಲ್ಲ. ಹಿಡಿಯದೇ ಇರುವುದೇ ಅದರ ಕೆಲಸ, ಪಕ್ಕದಲ್ಲಿಟ್ಟು ಹೋಲಿಸುವುದಕ್ಕೆ. ನಮ್ಮ ಮೇಡಂ ಅವೆರಡಕ್ಕೆ ಅತ್ತೆ, ಸೊಸೆ ಎಂದು ಹೆಸರಿಟ್ಟಿದ್ದಾರೆ. ಯಾರು ಯಾರೆಂದು ಕೇಳಬೇಡಿ, ಮನೆಯ ಶಾಂತಿ ಮುಖ್ಯ. ನಾನು ಕಟ್ಟಿದ್ದು ಇಷ್ಟು:

ಒಬ್ಬಳು ಹಿಡಿದರೆ ಬಿಡುವವಳಲ್ಲ,
ಒಬ್ಬಳು ಕರೆದರೆ ಬರುವವಳಲ್ಲ.

ಮೇಡಂ ಈ ಬೇಸಿಗೆಗೆ ನಿವೃತ್ತರಾಗುತ್ತಾರೆ. ಹೋಗುವ ಮೊದಲು ಹೊಸ ಬಗೆಯ ಈ ದಪ್ಪ ಕ್ಯಾರೆಟ್ಟಿನಿಂದ ಒಂದು ಚಿಟಿಕೆ ಬಿಳಿ ತೆಗೆದಿಡಬೇಕೆಂದು ಅವರಿಗೆ ಆಸೆ. ಆದರೆ ಮೊನ್ನೆ ಕೆಂಪು ಬೆರೆಸಿ ಕಾದರೆ ಒಂದು ಚೂರೂ ತಳಕ್ಕೆ ಇಳಿಯಲಿಲ್ಲ. ಗಿರಗಿರ ತಿರುಗಿಸುವ ಯಂತ್ರದಲ್ಲಿಟ್ಟರೂ ಇಲ್ಲ. "ಈ ಕ್ಯಾರೆಟ್ಟಲ್ಲಿ ಅದು ಇಲ್ವೇ ಇಲ್ಲ ಕಣೆ, ಉಳಿದಿದ್ದನ್ನ ಚೆಲ್ಲಿಬಿಡು" ಎಂದು ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದಿಟ್ಟರೆ ಅಳು ಬಂದಿದೆ ಎಂದರ್ಥ.

ಗಾಜಿನವರು ನಿಮ್ಮನ್ನು ಕೇಳಿದರು. ನಮ್ಮ ಲ್ಯಾಬಿಗೆ ಗಾಜಿನ ಕೊಳವೆ, ಬಾಟಲಿ ಊದಿಕೊಡುವವರು. ನಮ್ಮ ಮನೆಗೂ ಒಡೆದ ಗಾಜಿನ ಹೂಜಿ ಸರಿಮಾಡಿಕೊಡಲು ಬಂದಿದ್ದರಲ್ಲ, ಅವರೇ. ನಿಮ್ಮ ಮೊಣಕಾಲು ಹೇಗಿದೆ ಎಂದು ಕೇಳಿದರು. ನನಗೂ ಅದೇ ಪ್ರಶ್ನೆ.

ತಿಂಡಿ-ಊಟ ಹೊತ್ತಿಗೆ ಮಾಡಿ. ನೆಲ ಒದ್ದೆಯಿದ್ದರೆ ನಡೆಯಬೇಡಿ.

ನಿಮ್ಮ ಸೊಸೆ

ಮ.ಬಿ.: ಎರಡು ವಾರದ ಮೊಣಕಾಲಿನ ಚಿಕಿತ್ಸೆ ಎಂದು ಮಗಳ ಮನೆಗೆ ಹೋದಿರಿ. ಚಳಿಗಾಲವೇ ಮುಗಿಯಿತು. ಯಾವಾಗ ಬರುತ್ತೀರಿ ಎಂಬ ಒಂದು ವಿಷಯ ಬಿಟ್ಟು ಮಿಕ್ಕೆಲ್ಲವನ್ನೂ ಹೇಳಿಸುತ್ತಿದ್ದೀರಿ.

*

ಭಾನುವಾರ, ಫೆಬ್ರವರಿ 23

ಪ್ರೀತಿಯ ಅತ್ತೆಗೆ,

ನಮಸ್ಕಾರ. ನಿಮ್ಮ ಉತ್ತರ ಬಂತು. ಅಂಗಡಿಯ ಚೀಟಿಯಷ್ಟೇ ಉದ್ದ: "ಇಲ್ಲಿ ಎಲ್ಲ ಅನುಕೂಲ. ನನ್ನ ಚಿಂತೆ ಬಿಡು. ಸ್ಟೇಪ್ಲರ್ ಯಾಕೆ? ಸೂಜಿದಿಂಬು ನೋಡಲಿಲ್ವಾ?" ಸೂಜಿ ಚುಚ್ಚಿಡುವ ಆ ಪುಟ್ಟ ದಿಂಬನ್ನು ನೋಡಿದೆ. ಅದಕ್ಕೆ ಆಮೇಲೆ ಉತ್ತರಿಸುತ್ತೇನೆ. ಮೊದಲು ಒಳ್ಳೆಯ ಸುದ್ದಿ.

ಕ್ಯಾರೆಟ್ಟಿನಲ್ಲಿ ಅದು ಇದೆ. ಬೇಕಾದಷ್ಟಿದೆ. ಇಲ್ಲದ್ದು ನನ್ನ ತಲೆಯಲ್ಲಿ.

ಆದದ್ದು ಹೀಗೆ. ಮೇಡಂ ಚೆಲ್ಲು ಅಂದ ರಸವನ್ನು ನಾನು ಚೆಲ್ಲಿರಲಿಲ್ಲ. ದೂರದೃಷ್ಟಿಯಿಂದಲ್ಲ, ಚೆಲ್ಲಿದರೆ ಜಾಡಿ ತೊಳೆಯಬೇಕಲ್ಲ ಎಂದು ಫ್ರಿಜ್ಜಿನ ಹಿಂದಕ್ಕೆ ತಳ್ಳಿದ್ದೆ. ನನ್ನ ಸೋಮಾರಿತನಕ್ಕೆ ಇಷ್ಟು ವರ್ಷದಲ್ಲಿ ಸಂದ ಮೊದಲ ಗೌರವ ಇದು. ಮರುವಾರ ಮನಸ್ಸು ತಡೆಯದೆ ಇನ್ನೊಂದು ಪರೀಕ್ಷೆ ಮಾಡಿದೆ. ಅದು ನಿಮಗೆ ಇಷ್ಟವಾಗುತ್ತದೆ, ಕಸೂತಿಯ ಹಾಗಿರುತ್ತದೆ. ಕೆಂಪು ಬೆರೆಸಿದ ಜೆಲ್ಲಿಯನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ, ಹೆಪ್ಪುಗಟ್ಟಿದ ಮೇಲೆ ಸಣ್ಣ ಕೊಳವೆಯಿಂದ ಗುಂಡಿಯ ತೂತಿನಂಥ ತೂತು ಕೊರೆಯುತ್ತೇವೆ. ಒಂದೊಂದು ತೂತಿಗೆ ಒಂದೊಂದು ರಸದ ಹನಿ. ಸಕ್ಕರೆ ಹೊದ್ದವರು ಹನಿಯಲ್ಲಿದ್ದರೆ ಅವರು ಜೆಲ್ಲಿಯೊಳಕ್ಕೆ ಹರಡುತ್ತ ಹೋಗಿ ಕೆಂಪಿನ ಕೈಗೆ ಸಿಕ್ಕಿಬೀಳುತ್ತಾರೆ. ಮರುದಿನ ತೂತಿನ ಸುತ್ತ ಗಾಢ ಕೆಂಪಿನ ಬಳೆ. ಇಲ್ಲದಿದ್ದರೆ ಬರಿಯ ತೂತು.

ಒಂದು ತೂತಿಗೆ ಯಾವಾಗಲೂ ಮರದ ಗೋಂದು ಹಾಕುತ್ತೇವೆ, ಲಕೋಟೆ ಅಂಟಿಸುವ ಗೋಂದು. ಅದರಲ್ಲಿ ಈ ಪ್ರೋಟೀನ್ ಇದ್ದೇ ಇರುತ್ತದೆ, ಬಳೆ ಬಂದೇ ಬರುತ್ತದೆ. ಈ ಸಲ ಬೆಳಿಗ್ಗೆ ತಟ್ಟೆ ಎತ್ತಿ ಕಿಟಕಿಗೆ ಹಿಡಿದರೆ ಕ್ಯಾರೆಟ್ಟಿಗೂ ಬಳೆಯಿಲ್ಲ, ಗೋಂದಿಗೂ ಇಲ್ಲ. ಕ್ಯಾರೆಟ್ಟಿನ ಮೇಲೆ ಅನುಮಾನ ಪಡಬಹುದು. ಗೋಂದಿನ ಮೇಲೆ ಪಡುವುದಕ್ಕಾಗುವುದಿಲ್ಲ. ಹಾಗಾದರೆ ತಪ್ಪು ಪ್ರಶ್ನೆ ಕೇಳಿಸಿಕೊಂಡವರದ್ದಲ್ಲ, ಪ್ರಶ್ನೆ ಕೇಳಿದವರದ್ದು.

ಬಾಟಲಿ ತೆಗೆದು ನೋಡಿದೆ. ಬಾಟಲಿಯ ಮೈಮೇಲೆ ಬರೆದರೆ ಒದ್ದೆ ಕೈಗೆ ಅಳಿಸಿಹೋಗುತ್ತದೆಂದು ನಮ್ಮಲ್ಲಿ ಹೆಸರನ್ನು ಮುಚ್ಚಳದ ಮೇಲೆ ಬರೆಯುವ ರೂಢಿ. ಬೆಳಕು ತಾಗದಿರಲೆಂದು ಎರಡಕ್ಕೂ ಕಪ್ಪು ಕಾಗದ ಸುತ್ತಿರುತ್ತೇವೆ, ಒಳಗಿನದು ಕಾಣುವುದೂ ಇಲ್ಲ, ಕಂಡರೂ ಒಂದೇ ಕೆಂಪು. ಸಂಕ್ಷೇಪವಾಗಿ ಹೇಳಬೇಕೆಂದರೆ, ನಾನು ಒಂದು ದಿನ ಎರಡೂ ಮುಚ್ಚಳ ಒಟ್ಟಿಗೆ ತೊಳೆದು, ಬಟ್ಟೆಯ ಮೇಲೆ ಒಣಗಿಸಿ, ಅದನ್ನು ಇದಕ್ಕೆ, ಇದನ್ನು ಅದಕ್ಕೆ ತಿರುಗಿಸಿದ್ದೆ. ಹಿಡಿಯದ ಕೆಂಪಿಗೆ ಹಿಡಿಯುವ ಕೆಂಪಿನ ಮುಚ್ಚಳ. ಅದನ್ನು ಬೆರೆಸಿ, ಯಾರೂ ಬರಲಿಲ್ಲವೆಂದು ಕ್ಯಾರೆಟ್ಟನ್ನು ದೂರಿದ್ದೆವು.

ಮೇಡಂಗೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ಎರಡೂ ಬಾಟಲಿ ನೋಡಿ, "ಅತ್ತೆ ಕೋಣೇಲಿ ಸೊಸೇನ ಕೂರ್ಸಿದ್ದೀಯ, ಅಷ್ಟೇ ತಾನೆ" ಅಂದರು. ಫ್ರಿಜ್ಜಿನ ಹಿಂದಿನ ರಸಕ್ಕೆ ಸರಿಯಾದ ಕೆಂಪು ಬೆರೆಸಿದೆವು. ಊಟ ಮುಗಿಸಿ ಬರುವಷ್ಟರಲ್ಲಿ ಮೋಡ ಕಟ್ಟಿದಂತಾಗಿ ಕೆಂಪು ನಿಧಾನವಾಗಿ ತಳಕ್ಕೆ ಇಳಿಯುತ್ತಿತ್ತು. ಮೇಲೆ ತಿಳಿನೀರು. ಇಬ್ಬರೂ ಕುರ್ಚಿ ಎಳೆದುಕೊಂಡು ಅದರ ಎದುರು ಕೂತೆವು. ಬೇರೆ ಯಾರಾದರೂ ನೋಡಿದ್ದರೆ ಟಿ.ವಿ. ನೋಡುತ್ತಿದ್ದೇವೆ ಅಂದುಕೊಳ್ಳುತ್ತಿದ್ದರು.

ಈಗ ಇನ್ನೊಂದು ಸುದ್ದಿ.

ಬುಧವಾರ ನಾದಿನಿ ಫೋನ್ ಮಾಡಿದ್ದಳು. ನಿಮ್ಮ ಮೊಣಕಾಲಿನ ಚಿಕಿತ್ಸೆ ಯಾವತ್ತೋ ಮುಗಿದಿದೆಯಂತೆ. ನೀವು ಅಲ್ಲಿನ ತೋಟಕ್ಕೆ ದಿನಾ ಎರಡು ಸುತ್ತು ಹಾಕುತ್ತೀರಂತೆ, ಮಾಲಿಗೆ ಸಲಹೆ ಬೇರೆ ಕೊಡುತ್ತೀರಂತೆ. ಹಾಗಾದರೆ ಯಾಕೆ ಬರುತ್ತಿಲ್ಲ ಅಂದೆ. ಅವಳು ಮೊದಲು ಅದು-ಇದು ಮಾತಾಡಿದಳು. ಆಮೇಲೆ ಹೇಳಿಬಿಟ್ಟಳು: "ಅತ್ತಿಗೆ, ನಾನು ಹೇಳ್ದೆ ಅಂತ ಹೇಳ್ಬೇಡಿ. ಆ ಗಾಜಿನವರು ನಿಮ್ಮನ್ನ ಮದ್ವೆ ಆಗ್ತೀರಾ ಅಂತ ಕೇಳಿದ್ದಾರಂತಲ್ಲ. ಅಮ್ಮಂಗೆ ಗೊತ್ತು. ನಾನಿದ್ರೆ ಅವಳು ಹೂಂ ಅನ್ನಲ್ಲ, ನಾನು ಎದ್ದು ಹೋದ್ರೆ ಅವಳಿಗೆ ದಾರಿ ಆಗುತ್ತೆ ಅಂತ ಇಲ್ಲಿಗೆ ಬಂದಿದ್ದಾರೆ."

ಅವಳನ್ನು ಬೈಯಬೇಡಿ. ನಿಮ್ಮ ಹೊಟ್ಟೆಯಲ್ಲಿ ಹುಟ್ಟಿಯೂ ಗುಟ್ಟು ಇಟ್ಟುಕೊಳ್ಳಲು ಬರದಿರುವುದು ಅವಳ ತಪ್ಪಲ್ಲ.

ಹೌದು, ಅವರು ಕೇಳಿದ್ದಾರೆ. ಹೂಜಿ ಕೊಡಲು ಬಂದ ದಿನ, ಮೆಟ್ಟಿಲ ಹತ್ತಿರ ನಿಂತು. ಕಿವಿ ಕೇಳದ ನಿಮಗೆ ಇದು ಹೇಗೆ ಕೇಳಿಸಿತೋ ಕಾಣೆ. ಬಹುಶಃ ಕಿಟಕಿಯಿಂದ ನಮ್ಮ ಮುಖ ನೋಡಿರುತ್ತೀರಿ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಯೋಚಿಸುತ್ತೇನೆ ಅಂದೆ. ನನ್ನ ಯೋಚನೆ ನನ್ನ ಜಾಡಿಯಂತೆ, ಫ್ರಿಜ್ಜಿನ ಹಿಂದೆ ಬಹಳ ದಿನ ಇರುತ್ತದೆ.

ಅತ್ತೆ, ಅವರು ಕೇಳಿದ ವಾರವೇ ನೀವು ನನ್ನನ್ನು ಒಂದು ಮಾತು ಕೇಳಿದಿರಿ. ನಾನು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆ, ಬಸ್ಸಿಗೆ ಹೊತ್ತಾಗಿತ್ತು. "ನಾನಿಲ್ದೆ ಹೋದ್ರೂ ನೀನು ಒಬ್ಬಳೇ ಇರಬಲ್ಲೆ ಅಲ್ವಾ?" ನಾನು ಮೊಣಕಾಲಿನ ಚಿಕಿತ್ಸೆಯ ವಿಷಯವೆಂದುಕೊಂಡೆ. ನೀವು ನನ್ನ ಚಿಂತೆಯಲ್ಲಿ ಚಿಕಿತ್ಸೆ ತಪ್ಪಿಸಿಕೊಳ್ಳಬಾರದಲ್ಲ, ಅದಕ್ಕೆ ಧೈರ್ಯವಾಗಿ "ಅಯ್ಯೋ, ಆರಾಮಾಗಿ ಇರ್ತೀನಿ" ಅಂದು ಬಾಗಿಲು ಹಾಕಿಕೊಂಡು ಹೋದೆ. ನೀವು ಅದನ್ನೇ ಉತ್ತರವೆಂದುಕೊಂಡು ಪೆಟ್ಟಿಗೆ ಕಟ್ಟಿದಿರಿ.

ಅದು ಮುಚ್ಚಳ ಬದಲಾದ ಪ್ರಶ್ನೆ. ಇರಬಲ್ಲೆಯಾ ಎಂದು ಕೇಳಿದರೆ ಇರಬಲ್ಲೆ ಎಂದೇ ಬರುತ್ತದೆ. ನಿಮಗೆ ತಿಳಿಯಬೇಕಾಗಿದ್ದದ್ದು "ನಾನು ನಿನಗೆ ಬೇಕಾ ಬೇಡವಾ" ಎಂದು. ಆ ಪ್ರಶ್ನೆಯ ಬಾಟಲಿ ಶೆಲ್ಫಿನಲ್ಲೇ ಉಳಿಯಿತು.

ಶುಕ್ರವಾರ ಗಾಜಿನವರು ಲ್ಯಾಬಿಗೆ ಬಂದಾಗ ಮುಚ್ಚಳದ ಕಥೆ ಹೇಳಿದೆ. ಅವರು ಮಾತು ಕಡಿಮೆ, ಸದಾ ಏನನ್ನಾದರೂ ಊದುತ್ತಿರುವುದರಿಂದ ಇರಬೇಕು. ಕೇಳಿ ಮುಗಿಸಿ, ನಾಳೆ ಬರುತ್ತೇನೆಂದು ಹೋಗಿ ಎರಡು ಹೊಸ ಬಾಟಲಿ ತಂದರು. ಒಂದು ಗಿಡ್ಡ, ಒಂದು ಉದ್ದ. ಗಾಜಿನದೇ ಬಿರಡೆ, ಅದನ್ನು ಅದರ ಬಾಟಲಿಯ ಬಾಯಲ್ಲೇ ಉಜ್ಜಿ ಉಜ್ಜಿ ಕೂರಿಸಿದ್ದಾರೆ. ಇದರ ಬಿರಡೆ ಅದಕ್ಕೆ ಹಾಕಿದರೆ ಕೂರುವುದಿಲ್ಲ. ಆಗ ನಾನು ಹೇಳಿದೆ, ಯೋಚನೆ ಇನ್ನೂ ಮುಗಿದಿಲ್ಲ, ಆದರೆ ಒಂದು ಮಾತು ಈಗಲೇ ಗೊತ್ತಿರಲಿ, ನಾನು ಒಬ್ಬಳೇ ಅಲ್ಲ, ನಮ್ಮ ಅತ್ತೆ ನನ್ನ ಜೊತೆಯೇ ಇರುತ್ತಾರೆ ಎಂದು. ಅವರು ಬಿರಡೆ ತಿರುಗಿಸುತ್ತ ಹೇಳಿದರು: "ನಾನು ಮೊದಲ್ನೇ ಸಲ ಬಂದಾಗ ಅವ್ರು ನನ್ನ ಕಾಲರ್ ನೋಡಿ 'ಈ ದಾರ ಈ ಬಟ್ಟೇದಲ್ಲ' ಅಂದ್ರಲ್ಲ, ಆವತ್ತೇ ಗೊತ್ತಾಯ್ತು, ಆ ಮನೇಲಿ ಮೊದಲು ಯಾರು ನನ್ನ ಒಪ್ಪಬೇಕು ಅಂತ."

ಕಾಲರ್ ಈಗಲೂ ಹಾಗೇ ಇದೆ. ಬಿಳಿ ಬಟ್ಟೆಗೆ ಕೆನೆ ಬಣ್ಣದ ದಾರ. ನಾನು ಈಗ ಗಮನಿಸಿದೆ, ನೀವು ಹೇಳಿದ ಮೇಲೆ ಕಾಣದೇ ಇರುವುದು ಹೇಗೆ.

ನಿಮ್ಮ ಸೊಸೆ

ಮ.ಬಿ.: ಸೂಜಿದಿಂಬಿನ ಮಾತು ಇನ್ನೂ ಬಾಕಿ. ಬರೆಯಲು ಹೊರಟೆ, ಪೆನ್ನು ನಿಂತಿತು.

*

ಶನಿವಾರ, ಮಾರ್ಚ್ 8

ಪ್ರೀತಿಯ ಅತ್ತೆಗೆ,

ನಮಸ್ಕಾರ. ಈ ಸಲ ತಡ ನನ್ನದಲ್ಲ, ನಿಮ್ಮದು. ನಿಮ್ಮ ಕಾಗದ ನಿನ್ನೆ ಬಂತು. ಈ ಸಲ ಚೀಟಿಗಿಂತ ಉದ್ದ ಇದೆ, ಸಂತೋಷ. "ನೀನಿನ್ನೂ ಚಿಕ್ಕವಳು. ಮುದುಕಿಯನ್ನ ಬೆನ್ನಿಗೆ ಕಟ್ಟಿಕೊಂಡು ಏನು ಮಾಡ್ತೀಯ? ಅವನು ಒಳ್ಳೆಯವನ ಹಾಗೆ ಕಾಣ್ತಾನೆ, ದಾರದ ವಿಷಯ ಒಂದು ಬಿಟ್ಟು. ನನ್ನ ಮಗನೇ ಇಲ್ಲದ ಮೇಲೆ ನಾನು ಅಲ್ಲಿ ಯಾವ ಲೆಕ್ಕಕ್ಕೆ ಇರಲಿ? ನೋಡೋಣ" ಎಂದು ಬರೆದಿದ್ದೀರಿ.

ನಿಮ್ಮ "ನೋಡೋಣ" ನನಗೆ ಹಳೆಯ ಪರಿಚಯ. ಗಿರಾಕಿ ಕೇಳಿದ ಬಣ್ಣದ ದಾರ ಅಂಗಡಿಯಲ್ಲಿ ಇಲ್ಲದಿದ್ದಾಗ ನೀವು ಅನ್ನುತ್ತಿದ್ದ ಮಾತು ಅದು.

ಇಲ್ಲಿಯ ಸುದ್ದಿ: ಬಿಳಿ ಸಿಕ್ಕಿತು. ಕೆಂಪು ಗಸಿಯನ್ನು ಉಪ್ಪುನೀರಿನಲ್ಲಿ ತೊಳೆದು, ಬಣ್ಣ ಕಳೆಯುವ ಉಪ್ಪು ಹಾಕಿ ಬಿಸಿನೀರಿನಲ್ಲಿ ಇಳಿಬಿಟ್ಟೆ. ಮೇಡಂ ಪಕ್ಕದಲ್ಲೇ ನಿಂತಿದ್ದರು. ಗಾಢ ಕೆಂಪು ಕಿತ್ತಳೆಯಾಯಿತು, ಕಿತ್ತಳೆ ಹಳದಿಯಾಯಿತು, ಹಳದಿ ನೀರಾಯಿತು. ಎಷ್ಟು ಸಲ ನೋಡಿದ್ದರೂ ಆ ಗಳಿಗೆಯಲ್ಲಿ ನನಗೆ ಎಲ್ಲ ಹೋಯಿತು ಅನಿಸುತ್ತದೆ. ಅಷ್ಟೂ ಜನರನ್ನು ಹಿಡಿದು ಒಟ್ಟಿಗೆ ಕೂರಿಸಿದ್ದು ಆ ಕೆಂಪೇ ಅಲ್ಲವೇ. ಆದರೆ ಹೋದದ್ದು ಬಣ್ಣ ಮಾತ್ರ. ಚೀಲದಲ್ಲಿ ಕಟ್ಟಿ, ನೀರು ಬದಲಿಸುತ್ತ ಇಟ್ಟು, ಒಣಗಿಸಿದ ಮೇಲೆ ಗಾಜಿನ ಬುಡದಲ್ಲಿ ಹತ್ತಿಯ ಹಾಗೆ ಅದು ಕೂತಿತ್ತು. ಸಕ್ಕರೆಯ ಪರೀಕ್ಷೆಗೆ ಒಂದು ಎಳೆ ಕೊಟ್ಟೆವು, ಜೇನಿನ ಬಣ್ಣ ತೋರಿಸಿತು. ನೀಲಿಗೆ ಕೊಟ್ಟೆವು, ಎಂದಿನಂತೆ ಮನೆಯಲ್ಲಿ ಯಾರೂ ಇಲ್ಲ ಅಂದಿತು. ಮೇಡಂ ನಕ್ಕರು. ಕನ್ನಡಕ ತೆಗೆದಿಟ್ಟರು.

ನಿಮ್ಮ ಲೆಕ್ಕದ ಪ್ರಶ್ನೆಗೆ ನನ್ನ ಹತ್ತಿರ ದೊಡ್ಡ ಉತ್ತರ ಇಲ್ಲ. ನಿಮ್ಮ ಮಗ ನಮ್ಮಿಬ್ಬರನ್ನೂ ಒಂದು ಮನೆಯಲ್ಲಿ ಕೂರಿಸಿದರು, ನಿಜ. ಆದರೆ ಅವರು ಹೋದ ಮೇಲೂ ಇಷ್ಟು ದಿನ ನೀವು ನನಗೆ ಕಾದು ಕೂತು ಊಟ ಮಾಡಿದ್ದು ಅವರ ಲೆಕ್ಕಕ್ಕಲ್ಲ. ನಾನು ಬಸ್ಸು ಇಳಿದು ತಿರುವಿನಲ್ಲಿ ಮೊದಲು ಕಿಟಕಿ ನೋಡುತ್ತಿದ್ದದ್ದೂ ಅವರ ಲೆಕ್ಕಕ್ಕಲ್ಲ. ಈಗಲೂ ನೋಡುತ್ತೇನೆ. ಇಸ್ತ್ರಿಯಾಗದ ಬಟ್ಟೆಗಳು ಕಾಣುತ್ತವೆ.

ಗಾಜಿನವರಿಗೆ ಏನು ಹೇಳಬೇಕೆಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. ಹೂಂ ಎಂದರೂ ಊಹೂಂ ಎಂದರೂ ಅದು ನನ್ನ ಮಾತು. ನೀವು ಅಲ್ಲಿದ್ದುಕೊಂಡು ನನ್ನ ಬಾಯಿಂದ ಅದನ್ನು ಹೊರಡಿಸಲಾರಿರಿ. ಇಲ್ಲಿದ್ದರೆ ಚಹಾ ಕುಡಿಯುತ್ತ ಆಡಿಕೊಳ್ಳಬಹುದು. ಅವರ ಕಾಲರಿನ ದಾರ ಬಿಚ್ಚಿ ಹೊಲಿಯುವುದಂತೂ ನಿಮ್ಮದೇ ಕೆಲಸ.

ಇದರ ಜೊತೆಗೆ ಗಟ್ಟಿ ರಟ್ಟಿನ ನಡುವೆ ಒಂದು ಗಾಜಿನ ಪಟ್ಟಿ ಇಟ್ಟಿದ್ದೇನೆ. ಹುಷಾರಾಗಿ ತೆಗೆಯಿರಿ. ಅದರ ಮೇಲೆ ಒಣಗಿಸಿದ ಜೆಲ್ಲಿ. ಎಡಗಡೆಯ ಬಳೆ ಗೋಂದಿನದು, ನಡುವಿನದು ಕ್ಯಾರೆಟ್ಟಿನದು, ಬಲಗಡೆಯ ಬರಿ ತೂತು ಬರಿ ನೀರಿನದು. ಬೆಳಕಿಗೆ ಹಿಡಿದು ನೋಡಿ, ಇಟ್ಟಿಗೆಯೋ ಕೆಂಪೋ ತೀರ್ಮಾನಿಸಿ. ಈ ಲಕೋಟೆಯನ್ನು ಅಂಟಿಸಿರುವುದೂ ಅದೇ ಗೋಂದಿನಲ್ಲಿ. ಅದು ಹಿಡಿಯದೇ ಇದ್ದ ದಾಖಲೆ ಇಲ್ಲ.

ದೊಡ್ಡವರು ಚಿಕ್ಕವರಿಗೆ ಆಶೀರ್ವಾದ ಕಳಿಸುವುದು ವಾಡಿಕೆ. ನೀವು ಎರಡು ಕಾಗದದಲ್ಲೂ ಕಳಿಸಲು ಮರೆತಿರಿ. ಆದ್ದರಿಂದ ಈ ಸಲ ನಾನೇ ಕಳಿಸುತ್ತಿದ್ದೇನೆ:

ಮೊಣಕಾಲು ಮಡಚಲಿ, ಮಡಚದೇ ಇರಲಿ;
ಮೂರೇ ಮೆಟ್ಟಿಲು, ಮೆಲ್ಲಗೆ ಬರಲಿ.

ನಿಮ್ಮ
ಸೊಸೆ

ಮ.ಬಿ.: ಸೂಜಿದಿಂಬಿನ ವಿಷಯ. ನೀವು ಹೋದ ದಿನ ಸಂಜೆ ಗುಂಡಿ ಹೊಲಿಯೋಣವೆಂದು ಅದನ್ನು ತೆಗೆದೆ. ಮನೆಯಲ್ಲಿದ್ದ ಅಷ್ಟೂ ಸೂಜಿಗೆ ದಾರ ಪೋಣಿಸಿಟ್ಟಿದ್ದಿರಿ. ಬಿಳಿ, ಕಪ್ಪು, ನೀಲಿ, ನನ್ನ ಹಳೆಯ ಸ್ವೆಟರಿನ ಹಸಿರು ಕೂಡ, ಒಂದೊಂದಕ್ಕೂ ತುದಿಗೆ ಗಂಟು. ವರ್ಷಗಟ್ಟಲೆ ಸಾಲುವಷ್ಟು. ಮೊಣಕಾಲು ತೋರಿಸಿಕೊಂಡು ಎರಡು ವಾರದಲ್ಲಿ ಬರುವವರು ಹಾಗೆ ಮಾಡುವುದಿಲ್ಲ ಎಂದು ನನಗೆ ಆಗಲೇ ತಿಳಿಯಿತು. ಯಾರಿಗೂ ಹೇಳಲಿಲ್ಲ. ಅದರಿಂದ ಒಂದು ಸೂಜಿ ತೆಗೆದು ಹೊಲಿದರೆ ನೀವು ಹೋದದ್ದಕ್ಕೆ ನಾನು ಒಪ್ಪಿದ ಹಾಗಾಗುತ್ತಿತ್ತು. ಅದಕ್ಕೇ ಸ್ಟೇಪ್ಲರ್.

ಇವತ್ತು ಬೆಳಿಗ್ಗೆ ಕಿಟಕಿಯ ಬಳಿ, ನಿಮ್ಮ ಕುರ್ಚಿಯ ಬಟ್ಟೆ ಎತ್ತಿಟ್ಟು ಕೂತು, ಒಂದೊಂದಾಗಿ ಎಲ್ಲ ದಾರವನ್ನೂ ಎಳೆದು ತೆಗೆದೆ. ಈಗ ಎಲ್ಲವೂ ಬರಿ ಸೂಜಿ. ನನಗೆ ಕಣ್ಣು ಕಾಣುವುದಿಲ್ಲ. ಬಂದು ಪೋಣಿಸಿ.